ನಾಲ್ಕನೆಯ ದಿನದ ಕಟ್ಟು

ಅಂಗಡಿಯಕ್ಕ ಶಟರನ್ನು ಸೊಂಟದೆತ್ತರಕ್ಕೆ ಎಳೆದು, ಬಗ್ಗಿ ಒಳಗೆ ನುಸುಳುವಷ್ಟರಲ್ಲಿ ಮೆಟ್ಟಿಲ ಮೇಲಿಂದ ಗಂಡನ ಅಕ್ಕನ ದನಿ ಬಂತು.

"ಇವತ್ತೂ ಅಂಗಡಿ ತೆಗೀತೀಯೇನೇ? ಹನ್ನೊಂದು ಗಂಟೆಗೆ ನನ್ನ ತಮ್ಮನ್ನ ಮಣ್ಣು ಮಾಡಬೇಕು, ನೆನಪಿದೆಯಾ?"

"ಚಹಾಪುಡಿ ಮುಗಿದಿದೆ ಅತ್ತಿಗೆ. ಬಂದವರಿಗೆ ಬರೀ ಬಿಸಿನೀರು ಕೊಡೋಕಾಗುತ್ತಾ?"

"ದಿನಸಿ ಅಂಗಡಿಯವರ ಮನೇಲಿ ಚಹಾಪುಡಿ ಮುಗಿಯುತ್ತಂತೆ! ಎಂಥಾ ಸಂಸಾರ ಮಾಡಿದ್ರೋ ಇಬ್ಬರೂ."

ಅತ್ತಿಗೆಯ ಮಾತೇ ಹಾಗೆ. ಎರಡು ಬಸ್ಸು, ಒಂದು ರೈಲು, ಮತ್ತೊಂದು ಬಸ್ಸು ಹತ್ತಿ ಇಳಿದು ನಿನ್ನೆ ಸಂಜೆ ತಲುಪಿದ್ದಳು. ಅವಳು ಬರಲಿ ಎಂದೇ ಭಾನುವಾರ ತೀರಿಕೊಂಡವನನ್ನು ಗುರುವಾರದವರೆಗೆ ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿ ಇಟ್ಟಿದ್ದರು.

ನಾಲ್ಕು ದಿನ ಮುಚ್ಚಿದ್ದ ಅಂಗಡಿಯೊಳಗೆ ಸಕ್ಕರೆ, ಸೋಪು, ಹುರಿದ ಕಡಲೆಕಾಯಿ ಬೀಜ, ರಟ್ಟು, ಎಲ್ಲದರ ವಾಸನೆ ಒಂದಾಗಿ ನಿಂತಿತ್ತು. ಅವಳಿಗೆ ದೀಪ ಬೇಕಿರಲಿಲ್ಲ. ಮೂವತ್ತೊಂದು ವರ್ಷ ಓಡಾಡಿದ ಜಾಗ. ಚಹಾಪುಡಿಯ ಡಬ್ಬ ಕೈಗೆತ್ತಿಕೊಂಡವಳು ಗಲ್ಲಾದ ಹಿಂದಿನ ತಕ್ಕಡಿಯತ್ತ ನೋಡಿ ಹಾಗೇ ನಿಂತಳು. ಮುಳ್ಳು ಸೊನ್ನೆಯಲ್ಲಿರಲಿಲ್ಲ.

ಊರೆಲ್ಲ ಅವನನ್ನು ತಕ್ಕಡಿಯಣ್ಣ ಎಂದೇ ಕರೆಯುತ್ತಿತ್ತು. ತಟ್ಟೆಯ ಮೇಲೆ ಒಂದು ಕಾಳು ಬಿಟ್ಟು ಬಾಗಿಲು ಹಾಕಿದವನಲ್ಲ. ಅವಳು ಹತ್ತಿರ ಹೋದಳು. ತಟ್ಟೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಬಾಯಿಗೆ ರಬ್ಬರ್ ಬ್ಯಾಂಡು, ಅದರ ಸಂದಿಯಲ್ಲಿ ಒಂದು ಚೀಟಿ. ಚೀಟಿಯ ಮೇಲೆ ಪೆನ್ಸಿಲ್‌ನಿಂದ ಗಂಡನ ಕೈಬರಹ: ನಾಲ್ಕು.

ಅವಳ ಕೈಯಲ್ಲಿದ್ದ ಚಹಾಡಬ್ಬ ಗಲ್ಲಾದ ಮೇಲೆ ಕೂತಿತು. ತಾನೂ ಸಕ್ಕರೆ ಮೂಟೆಯ ಮೇಲೆ ಕೂತಳು. ಭಾನುವಾರ ಕಟ್ಟಿದ್ದು ಒಂದೇ ಗಿರಾಕಿಗೆ: ಬೆಟ್ಟಕ್ಕೆ ಹೊರಟಿದ್ದ ಇಬ್ಬರು ಹುಡುಗಿಯರಿಗೆ. ಐದು ದಿನದ ದಾರಿ, ದಿನಕ್ಕೊಂದರಂತೆ ಐದು ಕಟ್ಟು. ನಾಲ್ಕನೆಯದು ಬೆಟ್ಟದ ನೆತ್ತಿ ದಾಟುವ ದಿನದ್ದು. ಆ ದಿನ ನಿನ್ನೆ ಆಗಿಹೋಗಿತ್ತು.

*

ಭಾನುವಾರ ಬೆಳಿಗ್ಗೆ ಆ ಇಬ್ಬರೂ ಎದುರಂಗಡಿಯಿಂದ ಮುಖ ಸಣ್ಣಗೆ ಮಾಡಿಕೊಂಡು ಬಂದಿದ್ದರು. ಎದುರಂಗಡಿಯಲ್ಲಿ ಡೇರೆ, ಹಗ್ಗ, ಬೂಟು. ಜತೆಗೆ ಬೆಟ್ಟ ಹತ್ತುವವರಿಗೆಂದೇ ಮಾಡಿದ ಬೆಳ್ಳಿ ಬಣ್ಣದ ಊಟದ ಪಾಕೀಟು. ಬಿಸಿನೀರು ಹಾಕಿದರೆ ಊಟ ರೆಡಿ. ಬೆಲೆ ಕೇಳಿದರೆ ಮಾತ್ರ ಹಸಿವೇ ಓಡಿಹೋಗುತ್ತದೆ.

"ಬನ್ನಿ ಬನ್ನಿ, ಅಲ್ಲಿ ನೋಡಿ ಆಯ್ತಲ್ಲ?" ತಕ್ಕಡಿಯಣ್ಣ ನಕ್ಕ. "ಎಷ್ಟು ದಿನ? ಐದಾ? ಮನೇಲಿ ತಟ್ಟೇಲಿ ಏನು ಬಿಡ್ತೀರಿ, ಅದನ್ನ ಮೊದಲು ಹೇಳಿ."

ಹುಡುಗಿಯರು ಮುಖ ಮುಖ ನೋಡಿಕೊಂಡರು. ಉದ್ದನೆಯವಳು ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಗೆ ಹೋಗುತ್ತಿದ್ದಳು. ಗಿಡ್ಡನೆಯವಳು ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ. ಇಬ್ಬರಿಗೂ ಇದು ಮೊದಲ ಬೆಟ್ಟ. ಎರಡು ವರ್ಷ ರಜೆ ಕೂಡಿಸಿಟ್ಟು ಬಂದವರು.

"ಏನ್ ತಿಂತೀರಿ ಅಂತ ಕೇಳಬೇಕಲ್ವಾ ಅಂಕಲ್?" ಎಂದಳು ಗಿಡ್ಡನೆಯವಳು.

"ತಿನ್ನೋದನ್ನ ಎಲ್ಲರೂ ಸುಳ್ಳು ಹೇಳ್ತಾರಮ್ಮ. ಬಿಡೋದರಲ್ಲಿ ಯಾರೂ ಸುಳ್ಳು ಹೇಳಲ್ಲ."

ಆಮೇಲೆ ಅವನ ಕೈ ನಿಲ್ಲಲಿಲ್ಲ. ಓಟ್ಸಿನ ರಟ್ಟಿನ ಡಬ್ಬ ಒಡೆದು ಸುರಿದ, "ರಟ್ಟನ್ನ ಹೊತ್ಕೊಂಡು ಹೋಗಿ ಏನ್ ಮಾಡ್ತೀರಿ, ತಿಂತೀರಾ?" ಎಂದ. ಓಟ್ಸಿಗೆ ಹಾಲಿನಪುಡಿ, ಸಕ್ಕರೆ, ಒಣದ್ರಾಕ್ಷಿ ಬೆರೆಸಿದ. ನೂಡಲ್ಸನ್ನು ಅಂಗೈಯಲ್ಲಿ ಒತ್ತಿ ಪುಡಿಮಾಡಿದ. ಜಾಗ ಅರ್ಧಕ್ಕೆ ಇಳಿಯಿತು. ಎಣ್ಣೆಯನ್ನು ಕೆಮ್ಮಿನ ಔಷಧಿಯ ಹಳೇ ಬಾಟಲಿಗೆ ತುಂಬಿದ. ಆಲೂಗಡ್ಡೆ ಪುಡಿ, ಸೂಪಿನ ಪುಡಿ, ಚಹಾಕ್ಕೆಂದು ಬೇರೆಯಾಗಿ ಹಾಲಿನಪುಡಿ, ಗಟ್ಟಿ ಚೀಸು, ಬಿಸ್ಕತ್ತು. ಎಲ್ಲವೂ ದಿನಾ ಅಡುಗೆಗೆ ಒಯ್ಯುವಂಥವೇ. ಪಕ್ಕದ ಮನೆಯವಳು ಬಂದು ಕೊಳ್ಳುವ ಸಾಮಾನೇ.

ಒಂದೊಂದು ಕಟ್ಟಿಗೂ ಒಂದೊಂದು ಚೀಟಿ. ಕಟ್ಟಿದ್ದನ್ನು ಗಲ್ಲಾದ ಮೇಲೆ ಸಾಲಾಗಿ ಇಟ್ಟ. ನಾಲ್ಕನೆಯದನ್ನು ಮಾತ್ರ ಅವನು ಯಾವಾಗಲೂ ಕೊನೆಗೆ ಕಟ್ಟುತ್ತಿದ್ದ, ಎರಡು ಸಲ ತೂಗುತ್ತಿದ್ದ. ಅದನ್ನು ತಟ್ಟೆಯ ಮೇಲಿಟ್ಟವನು ಎದೆಯ ಮೇಲೆ ಕೈ ಇಟ್ಟುಕೊಂಡ.

"ಗ್ಯಾಸು ಕಣೇ. ನೀನೇ ಕೊಟ್ಟು ಕಳಿಸು ಅವರನ್ನ," ಎನ್ನುತ್ತ ಹಿಂದಿನ ಕೋಣೆಗೆ ಹೋಗಿ ಕೂತ.

ಅಂಗಡಿಯಕ್ಕ ಗಲ್ಲಾದ ಮೇಲಿದ್ದದ್ದನ್ನೆಲ್ಲ ಬಾಚಿ ಹುಡುಗಿಯರ ಬೆನ್ನಚೀಲಕ್ಕೆ ತುರುಕಿದಳು. ಗಂಡನಿಗೆ ನೀರು ಕೊಡಬೇಕಿತ್ತು, ಮನಸ್ಸೆಲ್ಲ ಅತ್ತ. ಒಳಗಿನಿಂದ ಅವನ ದನಿ ಬಂತು.

"ಐದೂ ಹೋಯ್ತಾ?"

"ಹೋಯ್ತು, ಹೋಯ್ತು. ಸುಮ್ನೆ ಕೂತ್ಕೊಳ್ಳಿ ನೀವು."

ಅವಳು ಎಣಿಸಿರಲಿಲ್ಲ. ನೀರಿನ ಲೋಟ ಹಿಡಿದು ಒಳಗೆ ಹೋಗುವಾಗ ಅವನು ತಲೆಯನ್ನು ಗೋಡೆಗೆ ಆನಿಸಿ ಕಣ್ಣು ಮುಚ್ಚಿದ್ದ. ಆ ಲೋಟವನ್ನು ಅವನು ತೆಗೆದುಕೊಳ್ಳಲಿಲ್ಲ.

*

"ನಾಲ್ಕನೇದಾ?" ಗೈಡು ಚೀಲವನ್ನು ಕೈಯಲ್ಲಿ ತೂಗಿ ನೋಡಿದ. ಐವತ್ತು ವರ್ಷ ಆ ಬೆಟ್ಟದಲ್ಲೇ ಕಾಲು ಸವೆಸಿದವನು. ಮಣ್ಣಿಗೆಂದು ಇದ್ದದ್ದರಲ್ಲಿ ಒಳ್ಳೆಯ ಕೋಟು ಹಾಕಿಕೊಂಡು ಎಲ್ಲರಿಗಿಂತ ಮೊದಲು ಬಂದಿದ್ದ. "ಯಾವಾಗ ನೋಡಿದೆ?"

"ಈಗ. ಯಾರಿಗೂ ಹೇಳಿಲ್ಲ."

"ಆಪತ್ತಿಗೆ ಅಂತ ಬೇರೆ ಏನಾದ್ರೂ ಹಾಕಿದ್ನಾ?"

"ಅದೂ ಇದರಲ್ಲೇ ಇರುತ್ತೆ. ಆಪತ್ತು ಬಂದ್ರೆ ನಾಲ್ಕನೇ ದಿನವೇ ಬರೋದು ಅಂತ ಇದರಲ್ಲೇ ಇಡ್ತಿದ್ರು."

ಗೈಡು ಹೊರಗೆ ಹೋಗಿ ಮೇಲಿನ ಕಾವಲು ಗುಡಿಸಲಿಗೆ ಫೋನು ಮಾಡಿದ. ಅವಳು ಶಟರಿನ ಸಂದಿಯಿಂದ ಅವನ ಬೂಟುಗಳನ್ನೇ ನೋಡುತ್ತಿದ್ದಳು. ಬೂಟು ಆಚೆ ಹೋಯಿತು, ಈಚೆ ಬಂತು, ನಿಂತಿತು.

"ಇಬ್ಬರು ಹೆಣ್ಣುಮಕ್ಕಳು ನಿನ್ನೆ ಮಧ್ಯಾಹ್ನ ನೆತ್ತಿ ಕಡೆ ಹೋದ್ರಂತೆ," ಎಂದ ಒಳಗೆ ಬಂದು. "ತುಂಬಾ ಸಲ ಕೂತ್ಕೋತಿದ್ರಂತೆ. ಆಮೇಲೆ ಮಂಜು. ಕಾವಲುಗಾರನಿಗೆ ಕಾಣಿಸಿಲ್ಲ."

"ತುಂಬಾ ಸಲ ಅಂದ್ರೆ?"

"ಅವನು ಎಣಿಸ್ತಾನಾ ಅಕ್ಕ? ನೋಡು, ಗಾಬರಿ ಆಗಬೇಡ. ಒಂದು ದಿನ ಉಪವಾಸಕ್ಕೆ ಯಾರೂ ಸಾಯಲ್ಲ. ಕಾಲು ಸೋತು ತಪ್ಪು ಹೆಜ್ಜೆ ಇಟ್ರೆ ಮಾತ್ರ…" ಅರ್ಧಕ್ಕೆ ನಿಲ್ಲಿಸಿದ. "ಇವತ್ತು ಮೂರು, ನಾಲ್ಕು ಗಂಟೆಗೆ ಇಳೀಬೇಕು. ಐದಾದ್ರೂ ಬರದಿದ್ರೆ ನಾನೇ ಹತ್ತುತ್ತೀನಿ."

"ಆ ಕೋಟು ಹಾಕ್ಕೊಂಡಾ?"

"ಅವನಿಗೋಸ್ಕರ ಹಾಕಿದ್ದು ತಾನೇ. ಕೊಳೆ ಆದ್ರೆ ಆಗಲಿ."

ಅಷ್ಟರಲ್ಲಿ ಜನ ಸೇರತೊಡಗಿದರು. ಅಕ್ಕಪಕ್ಕದವರು, ಬೇಕರಿಯವಳು, ಬಸ್ಸಿನ ಕಂಡಕ್ಟರು. ಜತೆಗೆ ಅತ್ತಿಗೆ ಹಿಂದೆಂದೂ ಕಾಣದ ಜನ: ಬಿಸಿಲಿಗೆ ಮೂಗು ಸುಲಿದವರು, ಶೋಕಕ್ಕೂ ಬೆಟ್ಟದ ಬೂಟು ಹಾಕಿಕೊಂಡೇ ಬಂದವರು.

"ಯಾರಪ್ಪಾ ಇವರೆಲ್ಲ? ನನ್ನ ತಮ್ಮ ಅಕ್ಕಿ ಸಕ್ಕರೆ ಮಾರ್ತಿದ್ದ ಅಂದ್ಕೊಂಡಿದ್ದೆ," ಎಂದಳು ಅತ್ತಿಗೆ.

"ನಿಮ್ಮ ತಮ್ಮ ನನ್ನ ವ್ಯಾಪಾರ ಹಾಳು ಮಾಡಿದವನು," ಎಂದ ಎದುರಂಗಡಿಯವನು. ಕೈಯಲ್ಲಿ ಹೂವು ಹಿಡಿದುಕೊಂಡಿದ್ದ, ಕಣ್ಣು ಕೆಂಪಾಗಿತ್ತು. "ಇಪ್ಪತ್ತು ವರ್ಷದಿಂದ ಕೇಳ್ತಾ ಇದ್ದೆ, ಯಾವ ದಿನ ಏನು ಬೇಕು ಅಂತ ನಿಂಗೆ ಹೇಗಪ್ಪಾ ಗೊತ್ತಾಗುತ್ತೆ ಅಂತ. ನಗ್ತಿದ್ದ, ಹೇಳ್ತಿರಲಿಲ್ಲ."

"ಬೆಟ್ಟ ಹತ್ತಿ ಹತ್ತಿ ಕಲಿತಿರಬೇಕು," ಎಂದಳು ಅತ್ತಿಗೆ.

ಗೈಡು ನಕ್ಕುಬಿಟ್ಟ. "ಅವನಾ? ಮೊದಲನೇ ತಿರುವಿನಲ್ಲೇ ತಲೆ ಸುತ್ತು ಬಂದು ಕೂತವನು. ಕೈ ಹಿಡಿದು ಇಳಿಸಿದ್ದೇ ನಾನು. ಆಮೇಲೆ ಹತ್ತೇ ಇಲ್ಲ."

"ಮತ್ತೆ?"

ಎಲ್ಲರೂ ಅಂಗಡಿಯಕ್ಕನ ಕಡೆ ತಿರುಗಿದರು. ಅವಳು ಚಹಾ ಸೋಸುತ್ತಿದ್ದಳು. ಚೀಲವನ್ನು ಅಷ್ಟರಲ್ಲಿ ಬೀರುವಿನೊಳಗೆ ಇಟ್ಟಾಗಿತ್ತು.

*

ಗುಟ್ಟೇನೂ ದೊಡ್ಡದಲ್ಲ. ಮದುವೆಯಾದ ಹೊಸತರಲ್ಲಿ ಒಬ್ಬ ಬಡಪಾಯಿ ಮಾಸ್ತರು ಅಂಗಡಿ ಮುಂದೆಯೇ ಕುಸಿದು ಬಿದ್ದಿದ್ದ. ಬೆಟ್ಟದಿಂದ ಇಳಿದು ಬಂದವನು. ಚೀಲ ಬಿಚ್ಚಿದರೆ ಒಳಗೆ ಆರು ಚಾಕೊಲೇಟು, ಒಂದು ಡಬ್ಬ ಜಾಮು, ಅರ್ಧ ಕಿಲೋ ಖರ್ಜೂರ. ತಿನ್ನಲು ಅಷ್ಟಿದ್ದೂ ತಿನ್ನದೆ ಬಿದ್ದಿದ್ದಾನಲ್ಲ, ಯಾಕೆ? ತಕ್ಕಡಿಯಣ್ಣನ ತಲೆಗೆ ಈ ಪ್ರಶ್ನೆ ಹೊಕ್ಕಿತು.

"ಬಾಯಿಗೆ ಸೇರಲಿಲ್ಲ ಸಾರ್. ಸಿಹಿ ನೋಡಿದ್ರೆ ವಾಕರಿಕೆ," ಎಂದಿದ್ದ ಮಾಸ್ತರು, ಉಪ್ಪು ಹಾಕಿದ ಗಂಜಿನೀರು ಕುಡಿದು.

ಅವತ್ತಿನಿಂದ ಅಂಗಡಿಯಲ್ಲಿ ಒಂದು ಕರಾರು ಹುಟ್ಟಿತು. ಬೆಟ್ಟಕ್ಕೆ ಸಾಮಾನು ಒಯ್ಯುವವರು ತಿನ್ನದೆ ಉಳಿದದ್ದನ್ನು ವಾಪಸ್ ತಂದು ತೋರಿಸಬೇಕು. ಎಸೆಯಬಾರದು, ಯಾರಿಗೂ ಕೊಡಬಾರದು. ಬಂದದ್ದನ್ನು ಅವನು ಗಲ್ಲಾದ ಮೇಲೆ ಹರಡಿ ಪೊಲೀಸಿನವನ ಹಾಗೆ ವಿಚಾರಣೆ ಮಾಡುತ್ತಿದ್ದ. ಇದು ಯಾವ ದಿನದ್ದು? ಆಗ ಮಳೆ ಇತ್ತಾ? ಯಾಕೆ ಬಿಟ್ಟೆ?

ಮೊದಲ ದಿನ ಯಾರಿಗೂ ಹಸಿವಿಲ್ಲ. ಉತ್ಸಾಹವೇ ಹೊಟ್ಟೆ ತುಂಬಿಸುತ್ತದೆ. ಎರಡನೆಯ ದಿನ ಬಿಸ್ಕತ್ತು ಉಳಿಯುವುದಿಲ್ಲ. ಮೂರರಿಂದ ಸಿಹಿ ಉಳಿಯತೊಡಗುತ್ತದೆ. ನಾಲ್ಕನೆಯ ದಿನ ಉಪ್ಪು ಕಡಲೆಕಾಯಿ ಬೀಜ, ಚೀಸು, ಸೂಪು ಎಂದೂ ವಾಪಸ್ ಬಂದದ್ದಿಲ್ಲ, ಚೀಲದ ಒಳಮಗ್ಗುಲನ್ನು ಹೊರಗೆ ಮಾಡಿ ನೆಕ್ಕಿರುತ್ತಾರೆ. ಬೆಟ್ಟ ಹತ್ತದವನು ಬೆಟ್ಟವನ್ನು ತಿಳಿದದ್ದು ಹೀಗೆ.

ಉಳಿದು ಬಂದದ್ದನ್ನು ಎಸೆಯಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ. ರಾತ್ರಿ ಊಟಕ್ಕೆ ಅದೇ. ಪುಡಿಯಾದ ಬಿಸ್ಕತ್ತು, ತೇವ ಹಿಡಿದ ಓಟ್ಸು.

"ಬೇರೆ ಹೆಂಗಸರು ಗಂಡನ ಎಂಜಲು ತಿಂದ್ರೆ ನಾನು ಊರಿನ ಎಂಜಲು ತಿಂತಿದ್ದೀನಿ," ಎಂದು ಅಂಗಡಿಯಕ್ಕ ಗೊಣಗುತ್ತಿದ್ದಳು. "ಇವತ್ತು ಇದು ಯಾರದ್ದು?"

"ಮೂರನೇ ದಿನದ್ದು. ಬ್ಯಾಂಕಿನವನದ್ದು. ಮಳೇಲಿ ಒಲೆ ಹತ್ತಲಿಲ್ಲವಂತೆ. ಹಸಿಯಾಗೇ ತಿಂದು ನೋಡು, ತಿನ್ನೋಕಾಗುತ್ತಾ?"

ತಿಂದು ನೋಡುತ್ತಿದ್ದಳು. ಆಗುವುದಿಲ್ಲ ಎಂದರೆ ಮುಂದಿನ ಸಲ ಅದಕ್ಕೆ ಉಪ್ಪುಖಾರದ ಪುಡಿ ಬೀಳುತ್ತಿತ್ತು. ಹೀಗೆ ಊರಿನ ಬೆಟ್ಟದ ಊಟಕ್ಕೆಲ್ಲ ರುಚಿ ನೋಡಿದ ನಾಲಿಗೆ ಅವಳದ್ದು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಅವನಿಗೆ ಹೆಮ್ಮೆಯ ಮಾತು ಒಂದೇ ಇತ್ತು: ನನ್ನ ಕಟ್ಟು ಹೊತ್ತವರು ಯಾರೂ ಹಸಿದು ಇಳಿದಿಲ್ಲ.

*

ಸ್ಮಶಾನ ಊರ ಹಿಂದಿನ ದಿಣ್ಣೆಯ ಮೇಲೆ. ಅಲ್ಲಿಂದ ಬೆಟ್ಟದ ದಾರಿಯ ಕೊನೆಯ ಮೂರು ತಿರುವು ಕಾಣುತ್ತಿತ್ತು. ಪೆಟ್ಟಿಗೆ ಇಳಿಸುವಾಗ ಎಲ್ಲರೂ ಗುಂಡಿಯ ಕಡೆ ನೋಡುತ್ತಿದ್ದರೆ ಅಂಗಡಿಯಕ್ಕ ತಿರುವುಗಳನ್ನು ನೋಡುತ್ತಿದ್ದಳು. ಖಾಲಿ ದಾರಿ.

"ಅಳು ಬರ್ತಿಲ್ವೇನೇ?" ಅತ್ತಿಗೆ ಪಿಸುಗುಟ್ಟಿದಳು.

"ಬರುತ್ತೆ ಅತ್ತಿಗೆ. ಸ್ವಲ್ಪ ಕೆಲಸ ಬಾಕಿ ಇದೆ."

ಒಂದು ಹಿಡಿ ಮಣ್ಣು ಹಾಕುವ ಸರದಿ ಬಂದಾಗ, ನಾನು ಸುಳ್ಳು ಹೇಳಿದೆ ರೀ ಎಂದು ಮನಸ್ಸಿನಲ್ಲೇ ಹೇಳಿದಳು. ಬೇಕೆಂದು ಹೇಳಿದ್ದಲ್ಲ. ಆದರೆ ಅವನು ಕೇಳಿಸಿಕೊಂಡ ಕೊನೆಯ ಮಾತು ಅದೇ ಆಗಿಹೋಗಿತ್ತು. ಅದನ್ನು ವಾಪಸ್ ತೆಗೆದುಕೊಳ್ಳುವ ದಾರಿ ಅವಳಿಗೆ ತಿಳಿಯಲಿಲ್ಲ.

ವಾಪಸ್ ಬಂದವರು ಅಂಗಡಿಯೊಳಗೇ ಕೂತರು. ಮೇಲಿನ ಮನೆಯಲ್ಲಿ ಜಾಗ ಸಾಲದು. ಮೂಟೆಗಳ ಮೇಲೆ, ಡಬ್ಬಗಳ ಮೇಲೆ, ಸಿಕ್ಕಲ್ಲಿ. ಬೇಕರಿಯವಳು ಬ್ರೆಡ್ಡು, ಬೆಣ್ಣೆ, ಒಂದು ದೊಡ್ಡ ಕೇಕು ತಂದಿಟ್ಟಿದ್ದಳು. ಮೂರಾಯಿತು. ಮೂರೂವರೆ ಆಯಿತು. ಗೈಡು ಎರಡು ಸಲ ಹೊರಗೆ ಹೋಗಿ ಬಂದ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಶಟರಿನ ಕೆಳಗೆ ಎರಡು ಜತೆ ಕೆಸರು ಬೂಟು ಕಾಣಿಸಿತು.

ಹುಡುಗಿಯರೇ. ಬಾಗಿಲಲ್ಲಿ ನಿಂತವರು ಒಳಗೆ ಬರಲೋ ಬೇಡವೋ ಎನ್ನುವಂತೆ ನೋಡಿದರು. ಗಿಡ್ಡನೆಯವಳ ಮೊಣಕೈ ತರಚಿತ್ತು. ಉದ್ದನೆಯವಳ ತುಟಿ ಒಡೆದಿತ್ತು.

"ಕೆಳಗಿನ ಗೇಟಿನಲ್ಲಿ ಅಂಕಲ್ ತೀರಿಕೊಂಡ ಚೀಟಿ ಅಂಟಿಸಿದ್ರು ಆಂಟಿ. ಓದಿದ್ವಿ," ಎಂದಳು ಉದ್ದನೆಯವಳು. "ನಾವು ಹೊರಟ ದಿನವೇ ಅಂತೆ."

"ಬನ್ನಿ, ಒಳಗೆ ಬನ್ನಿ ಮೊದಲು. ಕೂತ್ಕೊಳ್ಳಿ." ಅಂಗಡಿಯಕ್ಕ ಅಕ್ಕಿ ಮೂಟೆಯ ಪಕ್ಕ ಜಾಗ ಮಾಡಿದಳು.

ಎದುರಂಗಡಿಯವನಿಗೆ ತಡೆಯಲಾಗಲಿಲ್ಲ. "ಹೇಗಿತ್ತಮ್ಮ ನಮ್ಮ ತಕ್ಕಡಿಯಣ್ಣನ ಊಟ? ಅವನ ಕೊನೇ ಕಟ್ಟು ಹೊತ್ತವರು ನೀವು."

ಹುಡುಗಿಯರ ಕಣ್ಣು ಒಂದು ಕ್ಷಣ ಸೇರಿ ಬೇರೆಯಾಯಿತು. ಗೇಟಿನಿಂದ ಅಂಗಡಿಯವರೆಗೆ ಕಾಲು ಗಂಟೆಯ ದಾರಿ. ಏನೋ ಮಾತಾಡಿಕೊಂಡೇ ಬಂದಿದ್ದರು.

"ತುಂಬಾ ಚೆನ್ನಾಗಿತ್ತು," ಎಂದಳು ಗಿಡ್ಡನೆಯವಳು. "ಜಾಸ್ತಿನೇ ಆಯ್ತು ಅಂಕಲ್. ಉಳೀತು."

"ಉಳಿದದ್ದು ಎಲ್ಲಿ?" ಎಂದ ಗೈಡು, ಮೆಲ್ಲಗೆ.

"ದಾರೀಲಿ ಯಾರಿಗೋ ಕೊಟ್ವಿ."

"ನೋಡಿದ್ರಾ!" ಎದುರಂಗಡಿಯವನು ಸುತ್ತ ನೋಡಿದ. "ಎದೆನೋವಲ್ಲೂ ಕೈ ತಪ್ಪಲಿಲ್ಲ ಅವನದ್ದು."

ಅತ್ತಿಗೆ ಕಣ್ಣೊರೆಸಿಕೊಂಡಳು. ಬೇಕರಿಯವಳು ಹುಡುಗಿಯರ ಮುಂದೆ ತಟ್ಟೆ ಇಟ್ಟಳು. "ಸ್ವಲ್ಪ ತಿನ್ನಿ."

"ಅಯ್ಯೋ, ಹೊಟ್ಟೆ ತುಂಬಿದೆ," ಎಂದರು ಇಬ್ಬರೂ ಒಟ್ಟಿಗೆ.

ಅಂಗಡಿಯಕ್ಕ ಎದುರಿಗೆ ಕೂತು ನೋಡಿದಳು. ಉದ್ದನೆಯವಳು ಮರ್ಯಾದೆಗೆ ಎನ್ನುವಂತೆ ಒಂದು ತುಂಡು ಬ್ರೆಡ್ಡು ತೆಗೆದುಕೊಂಡಳು. ಎರಡನೆಯದನ್ನು ಕೈಯೇ ತೆಗೆದುಕೊಂಡಿತು. ಗಿಡ್ಡನೆಯವಳ ಕೈ ಕೇಕನ್ನು ದಾಟಿ ಹೋಗಿ ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ನಿಂತಿತು. ಆಮೇಲೆ ಯಾರೂ ನೋಡುತ್ತಿಲ್ಲ ಎಂದುಕೊಂಡು ಅವಳು ಉಪ್ಪಿನ ಡಬ್ಬ ಎಳೆದು, ಬೆಣ್ಣೆ ಕಾಣದಷ್ಟು ಉಪ್ಪು ಉದುರಿಸಿ, ಬೆರಳು ನೆಕ್ಕಿದಳು.

ಅಷ್ಟು ಸಾಕಾಗಿತ್ತು. ಎದುರಂಗಡಿಯವನಿಗೂ ಅಷ್ಟು ಕಂಡಿರಬೇಕು. ಎತ್ತಿದ ಲೋಟವನ್ನು ಹಾಗೇ ಕೆಳಗಿಟ್ಟು ನೆಲ ನೋಡಿದ. ಸುಮ್ಮನಿದ್ದರೆ ಎಲ್ಲ ಇಲ್ಲಿಗೇ ಮುಗಿಯುತ್ತಿತ್ತು. ಊರು ಅವನ ಹೆಸರು ಹೇಳುತ್ತಿತ್ತು. ಈ ಇಬ್ಬರು ಮಾತ್ರ, ಪಾಪ ಮುದುಕ ಸಾಯುವ ಹೊತ್ತಲ್ಲಿ ಮರೆತ ಎಂದುಕೊಂಡು ಮನೆಗೆ ಹೋಗುತ್ತಿದ್ದರು.

"ಇನ್ನೊಬ್ಬರ ಮರ್ಯಾದೆಗೆ ಸುಳ್ಳು ಹೇಳೋದು ನಿಮಗೆ ಅಭ್ಯಾಸ ಇಲ್ಲ ಕಣ್ರೇ," ಎಂದಳು ಅಂಗಡಿಯಕ್ಕ. ದನಿ ಎಲ್ಲರಿಗೂ ಕೇಳುವಷ್ಟಿತ್ತು. "ನಾಲ್ಕನೇ ಕಟ್ಟು ಇರಲಿಲ್ಲ ತಾನೇ?"

ಹುಡುಗಿಯರ ಬಾಯಿ ಅಗಿಯುವುದನ್ನು ನಿಲ್ಲಿಸಿತು.

"ಅವರು ಕಟ್ಟಿದ್ರು. ತೂಗೋಕೆ ಅಂತ ತಕ್ಕಡಿ ಮೇಲಿಟ್ಟಿದ್ರು. ಚೀಲಕ್ಕೆ ತುಂಬಿದವಳು ನಾನು. ಐದೂ ಹೋಯ್ತಾ ಅಂತ ಕೇಳಿದ್ರು, ಹೋಯ್ತು ಅಂದೆ. ಎಣಿಸಿರಲಿಲ್ಲ. ಅವರು ಯಾರನ್ನೂ ಹಸಿದು ಇಳಿಸಿಲ್ಲ. ನಿಮ್ಮನ್ನ ಇಳಿಸಿದ್ದು ನಾನು."

ಅತ್ತಿಗೆ ಅಂಗಡಿಯಕ್ಕನ ಪಕ್ಕಕ್ಕೆ ಸರಿದು ಕೂತಳು.

"ನಾವೂ ಎಣಿಸಿರಲಿಲ್ಲ ಆಂಟಿ," ಎಂದಳು ಗಿಡ್ಡನೆಯವಳು. ಅವಳ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು, ಬಾಯಲ್ಲಿ ಬ್ರೆಡ್ಡು ಇತ್ತು. "ನೆತ್ತಿ ಹತ್ರ ಚೀಲ ಬಿಚ್ಚಿದಾಗ ಗೊತ್ತಾಯ್ತು. ಅಂಕಲ್‌ಗೆ ಹುಷಾರಿರಲಿಲ್ಲ, ಅದಕ್ಕೇ ಅಂತ… ಅವರನ್ನ ಬೈಕೊಳ್ಳಲಿಲ್ಲ, ಆಣೆ."

"ಇವಳು ಬೈದಳು," ಎಂದಳು ಉದ್ದನೆಯವಳು.

"ಒಂದೇ ಸಲ!"

ಎಲ್ಲಿಂದಲೋ ಒಂದು ನಗು ಹೊರಟಿತು. ಅತ್ತಿಗೆಯದ್ದು.

"ಮತ್ತೆ ಹೇಗೆ ದಾಟಿದ್ರಿ?" ಗೈಡು ತಾನು ಕೂತಿದ್ದ ಡಬ್ಬವನ್ನು ಮುಂದಕ್ಕೆ ಎಳೆದುಕೊಂಡ.

"ಐದನೇ ಕಟ್ಟನ್ನ ಎರಡು ಭಾಗ ಮಾಡಿದ್ವಿ. ಅರ್ಧ ನಿನ್ನೆ, ಅರ್ಧ ಇವತ್ತು. ನೂರು ಹೆಜ್ಜೆಗೊಂದು ಸಲ ಕೂತ್ಕೋತಿದ್ವಿ. ಹಾಲಿನಪುಡಿ ನೀರು ಹಾಕದೇನೇ ನಾಲಿಗೆ ಮೇಲಿಟ್ಕೊಂಡ್ರೆ ಅಂಟ್ಕೊಳ್ಳುತ್ತೆ, ಬೇಗ ಕರಗಲ್ಲ. ಒಂದು ಚಮಚದಲ್ಲಿ ಮೂರು ತಿರುವು ಹತ್ತಬಹುದು."

"ಮೂರು ತಿರುವಾ?" ಎದುರಂಗಡಿಯವನು ಎದ್ದು ನಿಂತ. "ನಮ್ಮ ಪಾಕೀಟಲ್ಲಿ…"

"ಮಣ್ಣಿನ ದಿನವಾದ್ರೂ ವ್ಯಾಪಾರ ಬಿಡಪ್ಪ," ಎಂದ ಗೈಡು.

ಅಂಗಡಿಯಕ್ಕ ಮಾತ್ರ ಅದೇ ಮಾತನ್ನು ಹಿಡಿದಿದ್ದಳು. ಹಾಲಿನಪುಡಿ, ನೀರು ಹಾಕದೆ. ಮೂವತ್ತೊಂದು ವರ್ಷದಲ್ಲಿ ಅದು ಅವರಿಬ್ಬರಿಗೂ ಹೊಳೆದಿರಲಿಲ್ಲ. ತಿನ್ನದೆ ಉಳಿದದ್ದನ್ನು ಮಾತ್ರ ಅವರು ಕೇಳಿದ್ದರು. ಏನೂ ಇಲ್ಲದಾಗ ಹೇಗೆ ತಿಂದಿರಿ ಎಂದು ಯಾರನ್ನೂ ಕೇಳಿರಲಿಲ್ಲ.

"ಸಕ್ಕರೆ ಬೆರೆಸಿದ್ದಾ, ಬರೀ ಪುಡಿಯಾ?" ಕೇಳಿದಳು. "ನೀರು ಕುಡಿದ ಮೇಲಾ, ಮೊದಲಾ?"

"ಹೇಳ್ತೀನಿ ಆಂಟಿ," ಎಂದಳು ಗಿಡ್ಡನೆಯವಳು. "ಆದ್ರೆ ಈಗ ಸುಳ್ಳು ಮುಗೀತಲ್ಲ, ಇನ್ನೆರಡು ಬ್ರೆಡ್ ಸಿಗುತ್ತಾ?"

ಬೇಕರಿಯವಳು ಇಡೀ ಬ್ರೆಡ್ಡನ್ನೇ ಎತ್ತಿ ತಂದಳು. ಎದುರಂಗಡಿಯವನು ಬೆಣ್ಣೆ ಹಚ್ಚಿದ, ಅತ್ತಿಗೆ ಉಪ್ಪು ಉದುರಿಸಿದಳು, ಗೈಡು ಕೋಟಿನ ತೋಳು ಮಡಿಸಿ ಚಹಾ ಬಗ್ಗಿಸಿದ. ಗಿಡ್ಡನೆಯವಳು ತಿನ್ನುತ್ತಲೇ ನೆತ್ತಿಯ ದಾರಿ ಹೇಳುತ್ತಿದ್ದಳು. ಅಂಗಡಿಯಕ್ಕ ನಡುನಡುವೆ ಪ್ರಶ್ನೆ ಹಾಕುತ್ತಿದ್ದಳು, ಯಾವಾಗಿನಿಂದಲೋ ಅಳುತ್ತಿದ್ದಳು, ಅದು ಅವಳಿಗೇ ಗೊತ್ತಿರಲಿಲ್ಲ.

ಉದ್ದನೆಯವಳಿಂದ ಮಾತೇ ಬರದಿದ್ದಾಗ ಎಲ್ಲರೂ ತಿರುಗಿ ನೋಡಿದರು. ಅವಳು ಅಕ್ಕಿ ಮೂಟೆಗೆ ಒರಗಿ ಕಣ್ಣು ಮುಚ್ಚಿದ್ದಳು. ಕೈ ಮಡಿಲಿಗೆ ಜಾರಿತ್ತು, ತಲೆ ಒಂದು ಪಕ್ಕಕ್ಕೆ ವಾಲಿತ್ತು. ಗಾಢ ನಿದ್ದೆ, ದವಡೆ ಮಾತ್ರ ಇನ್ನೂ ನಿಧಾನವಾಗಿ ಅಗಿಯುತ್ತಿತ್ತು.